ಕರೆದೊಯ್ಯುವವರು ಯಾರು?

ಫೆಬ್ರವರಿ 4

ಪ್ರೀತಿಯ ತಮ್ಮನಿಗೆ,

ಫೋನು ಮಾಡಿದರೆ ‘ಹ್ಞೂ’, ‘ಸರಿ’, ‘ಇಡ್ತೀನಿ’ ಬಿಟ್ಟು ನಾಲ್ಕನೆಯ ಮಾತು ನಿನ್ನ ಬಾಯಿಂದ ಬರುವುದಿಲ್ಲ. ಬರೆದರೆ ಕೆಲಸದ ಮಟ್ಟಿಗಾದರೂ ಪೂರ್ತಿ ವಾಕ್ಯ ಬರೆಯುತ್ತೀಯ. ಅದಕ್ಕೇ ಈ ಪತ್ರ.

ನನ್ನ ಶಿಶುವಿಹಾರದ ವೆಬ್‌ಸೈಟಿನಲ್ಲಿ ಒಂದು ಫಾರಂ ಇದೆ. ಮಗುವನ್ನು ಬಿಟ್ಟು ಕೆಲಸಕ್ಕೆ ಹೊರಟವರು ಬಸ್ಸಿನಲ್ಲಿ ಕೂತೇ ಮೊಬೈಲಿನಲ್ಲಿ ಅದನ್ನು ತುಂಬುತ್ತಾರೆ. ಮಗುವಿನ ಹೆಸರು, ಎಷ್ಟು ಗಂಟೆಗೆ, ಕರೆದೊಯ್ಯುವವರು ಯಾರು. ಸಂಜೆ ಬಾಗಿಲಲ್ಲಿ ನಿಲ್ಲುವ ಹೆಂಗಸು ಅದನ್ನು ಟ್ಯಾಬಿನಲ್ಲಿ ನೋಡಿ ಮಗುವನ್ನು ಕಳಿಸುತ್ತಾರೆ. ಜನವರಿಯಲ್ಲಿ ಸೇರಿದವರು. ಮಕ್ಕಳು ಅವರಿಗೆ ಬಾಗಿಲಮ್ಮ ಅಂತ ಹೆಸರಿಟ್ಟಿದ್ದಾರೆ, ಈಗ ನಾವೂ ಹಾಗೇ ಕರೆಯುವುದು.

ಹಿಂದೆ ಈ ಫಾರಂ ಮಾಡಿಕೊಟ್ಟ ಮಹಾಶಯ ಮೂರನೆಯ ಪ್ರಶ್ನೆಗೆ ಐದು ಉತ್ತರ ಬರೆದಿಟ್ಟು ಹೋಗಿದ್ದಾನೆ. ತಾಯಿ, ತಂದೆ, ಅಜ್ಜಿ, ಅಜ್ಜ, ಇತರೆ. ಎಲ್ಲ ಮಕ್ಕಳಿಗೂ ಇವೇ ಐದು. ಚಿಕ್ಕಮ್ಮ ಬಂದರೂ ಇತರೆ, ಪಕ್ಕದ ಮನೆಯವರು ಬಂದರೂ ಇತರೆ. ನಿನ್ನೆ ಒಂದೇ ಹೊತ್ತಿಗೆ ಆರು ಜನ ‘ಇತರೆ’ಗಳು ಬಂದು ಸಾಲಾಗಿ ನಿಂತರು. ಬಾಗಿಲಮ್ಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಮಗುವಿನ ಹೆಸರು ಒತ್ತಿದರೆ ಕೆಳಗೆ ಆ ಮಗುವಿನ ಜನ ಮಾತ್ರ ಕಾಣಬೇಕು. ಬೇರೆ ಮಗುವಿನ ಹೆಸರು ಒತ್ತಿದರೆ ಬೇರೆ ಜನ. ಆಗುತ್ತದೆಯೆ? ಹೊರಗಿನವರನ್ನು ಕೇಳಬಹುದಿತ್ತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಳು ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ.

ಇನ್ನೊಂದು ಮಾತು. ತಿಂಗಳ ಕೊನೆಯ ಶನಿವಾರ ಪುಟ್ಟಿಯನ್ನು ಶಾಲೆಯಿಂದ ನೀನು ಕರೆದುಕೊಂಡು ಹೋಗಬೇಕು ಅಂತ ಬೇರೆಯಾಗುವಾಗ ನೀನೂ ಅವಳ ಅಮ್ಮನೂ ಕೂತು ಒಪ್ಪಿದ್ದು ನನ್ನೆದುರಿಗೇ. ಈ ಸಲ ಹೋಗಿದ್ದೆಯಾ? ಏನು ಮಾಡಿದಿರಿ ಇಬ್ಬರೂ?

ನಿನ್ನ ಅಕ್ಕ


ಫೆಬ್ರವರಿ 6

ಅಕ್ಕನಿಗೆ,

ಆಗುತ್ತದೆ. ಕಷ್ಟದ ಕೆಲಸವಲ್ಲ.

ಈಗ ಆಯ್ಕೆಗಳನ್ನು ಫಾರಂನೊಳಗೇ ಬರೆದಿಟ್ಟಿದ್ದಾರೆ. ಹಾಗೆ ಬರೆಯದೆ ಆ ಜಾಗವನ್ನು ಖಾಲಿ ಬಿಡಬೇಕು. ಯಾರಾದರೂ ಮಗುವಿನ ಹೆಸರು ಒತ್ತಿದ ತಕ್ಷಣ, ಈ ಮಗುವನ್ನು ಕರೆದೊಯ್ಯಲು ಒಪ್ಪಿಗೆ ಇರುವವರು ಯಾರು ಅಂತ ಫಾರಂ ಹೋಗಿ ನಿಮ್ಮ ದಾಖಲೆಯನ್ನು ಕೇಳಬೇಕು. ಬಂದ ಉತ್ತರವನ್ನು ಆ ಖಾಲಿ ಜಾಗದಲ್ಲಿ ತುಂಬಬೇಕು. ಈ ಕೇಳಿ ತರುವ ಕೆಲಸಕ್ಕೆ ಒಂದು ಸಣ್ಣ ಪ್ಲಗಿನ್ ಬರೆಯುತ್ತೇನೆ. ಸೈಟಿಗೆ ಹೊರಗಿನಿಂದ ಸಿಕ್ಕಿಸುವ ಒಂದು ತುಂಡು ಕೋಡ್, ಅಷ್ಟೆ. ಉಳಿದ ಯಾವುದನ್ನೂ ಅದು ಮುಟ್ಟುವುದಿಲ್ಲ.

ನಿನ್ನಿಂದ ಬೇಕಾದದ್ದು ಎರಡು. ಒಂದು, ಪ್ರತಿ ಮಗುವಿಗೂ ಯಾರು ಯಾರು ಬರಬಹುದು ಅನ್ನುವ ಎಕ್ಸೆಲ್ ಹಾಳೆ. ಎರಡು, ಕಳೆದ ವರ್ಷ ಬಾಗಿಲಲ್ಲಿ ಯಾವ ದಿನ ಯಾರು ಬಂದರು ಅನ್ನುವ ದಾಖಲೆ. ಹೆಚ್ಚು ಸಲ ಬರುವವರ ಹೆಸರು ಮೇಲೆ ಬಂದರೆ ಹುಡುಕುವುದು ತಪ್ಪುತ್ತದೆ. ಒಬ್ಬರನ್ನೇ ಮೂರು ಕಡೆ ಮೂರು ರೀತಿ ಬರೆಯಬೇಡ.

ಉಳಿದದ್ದೆಲ್ಲ ಕ್ಷೇಮ.

ತಮ್ಮ


ಫೆಬ್ರವರಿ 15

ಪ್ರೀತಿಯ ತಮ್ಮನಿಗೆ,

ಹಾಳೆ ಕಳಿಸಿದ್ದೇನೆ. ವಾರವೆಲ್ಲ ಇದೇ ಆಯಿತು. ಒಂದು ಮಗುವಿಗೆ ನಾಲ್ಕು ಜನ ಅಜ್ಜಿಯರು, ಇನ್ನೊಂದು ಮಗುವಿಗೆ ‘ಮಹಡಿ ಮಾಮ’ ಅಂತ ಒಬ್ಬರು. ಯಾವ ಕಡೆಯ ಮಾಮ ಅಂತ ಕೇಳಿದರೆ ಅವರ ಅಮ್ಮ ನಕ್ಕು, “ಯಾವ ಕಡೇನೂ ಅಲ್ಲ, ಮೇಲಿನ ಮನೆಯವ್ರು, ಅಷ್ಟೆ” ಅಂದರು. ಸಂಬಂಧದ ಕಾಲಂನಲ್ಲಿ ಏನು ಬರೆಯಲಿ? ಮಹಡಿ ಅಂತಲೇ ಬರೆದಿದ್ದೇನೆ, ನಗಬೇಡ.

ಗುಬ್ಬಿ ಅಂತ ನಾವು ಕರೆಯುವ ನಾಲ್ಕು ವರ್ಷದ ಹುಡುಗಿಯ ಮುಂದೆ ‘ಹಡಗು’ ಅಂತ ಬರೆದಿರುವುದನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡ. ಅವಳ ಅಪ್ಪ ಸರಕು ಹಡಗಿನಲ್ಲಿ ಮೆಕ್ಯಾನಿಕ್. ನಾಲ್ಕೈದು ತಿಂಗಳಿಗೊಮ್ಮೆ ದಡಕ್ಕೆ ಬರುತ್ತಾರೆ, ಎರಡು ಮೂರು ದಿನ ಇದ್ದು ಹೋಗುತ್ತಾರೆ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ದಿನಾ ಬರುವುದು ಅಜ್ಜಿ. ಅಪ್ಪ ಬಂದ ದಿನ ಗುಬ್ಬಿಯ ಕಾಲು ನೆಲದ ಮೇಲೆ ಇರುವುದಿಲ್ಲ.

‘ಉಳಿದದ್ದೆಲ್ಲ ಕ್ಷೇಮ’ ಅಂದರೆ ಯಾವ ಉಳಿದದ್ದು? ನಾನು ಕೇಳಿದ್ದು ಒಂದೇ ಪ್ರಶ್ನೆ. ನಿನ್ನ ಫಾರಂನಲ್ಲಿ ಹೀಗೆ ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲು ಬಿಡುತ್ತದೆಯೆ?

ನಿನ್ನ ಅಕ್ಕ


ಫೆಬ್ರವರಿ 27

ಅಕ್ಕನಿಗೆ,

ಪ್ಲಗಿನ್ ಹಾಕಿದ್ದೇನೆ. ಇವತ್ತು ಮಧ್ಯಾಹ್ನದಿಂದ ಕೆಲಸ ಮಾಡುತ್ತಿದೆ. ಹತ್ತು ಮಕ್ಕಳ ಹೆಸರು ಒತ್ತಿ ನೋಡಿದೆ, ಸರಿಯಾಗಿ ತುಂಬುತ್ತಿದೆ. ಹಳೆಯ ಬಾಗಿಲ ದಾಖಲೆಯನ್ನೂ ಸೇರಿಸಿರುವುದರಿಂದ ಹೆಸರುಗಳು ಮೊದಲ ದಿನದಿಂದಲೇ ಸರಿಯಾದ ಕ್ರಮದಲ್ಲಿ ಬರುತ್ತವೆ.

ನಾನೇ ಒಂದು ಸಣ್ಣ ಅನುಕೂಲ ಸೇರಿಸಿದ್ದೇನೆ. ನಿನ್ನ ಹಾಳೆಯಲ್ಲಿ ಕೆಲವು ಮಕ್ಕಳಿಗೆ ಒಂಬತ್ತು, ಹತ್ತು ಹೆಸರು ಇವೆ. ಅಷ್ಟು ಜನ ಬರುವುದಿಲ್ಲ. ಬಹಳ ದಿನದಿಂದ ಬಾರದವರ ಹೆಸರು ತಾನಾಗಿಯೇ ಪಟ್ಟಿಯಿಂದ ಬಿಟ್ಟು ಹೋಗುತ್ತದೆ. ಮೊಬೈಲಿನಲ್ಲಿ ಪಟ್ಟಿ ಚಿಕ್ಕದಾಗಿದ್ದಷ್ಟೂ ಒಳ್ಳೆಯದು.

ಆ ಶಾಲೆಯ ರಸ್ತೆ ಅಗೆದಿದ್ದಾರೆ. ಗಾಡಿ ಹೋಗುವುದಿಲ್ಲ.

ತಮ್ಮ


ಮಾರ್ಚ್ 20

ಪ್ರೀತಿಯ ತಮ್ಮನಿಗೆ,

ನಿನ್ನನ್ನು ಹೊಗಳಿ ನನಗೆ ಅಭ್ಯಾಸವಿಲ್ಲ, ಆದರೂ ಬರೆಯುತ್ತಿದ್ದೇನೆ. ಫಾರಂ ಚೆನ್ನಾಗಿದೆ. ಮೂರು ವಾರದಿಂದ ಬಾಗಿಲಲ್ಲಿ ಒಂದೂ ಜಗಳವಿಲ್ಲ. ಬಾಗಿಲಮ್ಮ ಟ್ಯಾಬನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಇಡುತ್ತಾರೆ. ಮಕ್ಕಳಿಗೂ ಅದೊಂದು ಆಟ. ತಮ್ಮ ಹೆಸರು ಒತ್ತಿಸಿಕೊಂಡು ಕೆಳಗೆ ಯಾರು ಯಾರು ಕಾಣಿಸಿಕೊಳ್ಳುತ್ತಾರೆ ಅಂತ ಕತ್ತು ಚಾಚಿ ನೋಡುತ್ತಾರೆ. ಓದಲು ಬಾರದ ಮಕ್ಕಳೂ ಮೊದಲನೆಯದು ಅಮ್ಮ, ಎರಡನೆಯದು ಅಜ್ಜಿ ಅಂತ ಬೆರಳಿಟ್ಟು ಹೇಳುತ್ತಾರೆ.

ನಾನೂ ನಿಯಮ ಬಿಗಿ ಮಾಡಿದ್ದೇನೆ. ಪಟ್ಟಿಯಲ್ಲಿ ಹೆಸರಿದ್ದರೆ ಮಗು. ಇಲ್ಲದಿದ್ದರೆ ಸಾಕ್ಷಾತ್ ದೇವರೇ ಬಂದರೂ ಇಲ್ಲ. ಮಗುವೇ ‘ಇವರು ನಮ್ಮವರು’ ಅಂದರೂ ಇಲ್ಲ. ಚಾಕೊಲೇಟು ಕೊಟ್ಟವರೆಲ್ಲ ಮಕ್ಕಳಿಗೆ ನಮ್ಮವರೇ.

ಪುಟ್ಟಿಯ ಅಮ್ಮ ನನಗೆ ಪತ್ರ ಬರೆದಿದ್ದಳು. ಶಾಲೆಯ ವಿಷಯ ಒಂದು, ಇನ್ನೂ ಕೆಲವು ವಿಷಯ. ಓದಿ ನನಗೆ ನಿನ್ನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿದ ಮೇಲೆ ಬರೆಯುತ್ತೇನೆ. ರಸ್ತೆ ಅಗೆದಿದ್ದರೆ ನಡೆದು ಹೋಗುತ್ತಾರಪ್ಪ ಜನ.

ನಿನ್ನ ಅಕ್ಕ


ಮಾರ್ಚ್ 24

ಅಕ್ಕನಿಗೆ,

ಸೈಟಿನ ಮೂಲ ತಂತ್ರಾಂಶಕ್ಕೆ ಹೊಸ ಆವೃತ್ತಿ ಬಂದಿದೆ. ಭಾನುವಾರ ಹಾಕುತ್ತೇನೆ. ಒಂದು ಗಂಟೆ ಸೈಟು ಕಾಣುವುದಿಲ್ಲ, ಗಾಬರಿಯಾಗಬೇಡ.

ಅವಳು ಏನು ಬರೆದಿದ್ದಾಳೋ ಅದನ್ನು ನೀನು ನನಗೆ ತಿಳಿಸಬೇಕಾಗಿಲ್ಲ. ನನಗೂ ಬರೆಯುತ್ತಾಳೆ. ದೂರು ಒಂದೇ, ವಿಳಾಸ ಎರಡು.

ತಮ್ಮ


ಏಪ್ರಿಲ್ 11

ತಮ್ಮನಿಗೆ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಮಧ್ಯೆ ಎಲ್ಲೂ ನಿನ್ನನ್ನು ಬೈಯುವುದಿಲ್ಲ, ಕೊನೆಯಲ್ಲಿ ಬೈಯುತ್ತೇನೆ.

ನಿನ್ನೆ ಮಧ್ಯಾಹ್ನ ಗುಬ್ಬಿಯ ಅಪ್ಪ ಬಂದರು. ಹಡಗು ಒಂದು ದಿನ ಮೊದಲೇ ದಡ ಸೇರಿದೆ. ಮನೆಗೂ ಹೋಗದೆ, ಹೆಂಡತಿಗೂ ಹೇಳದೆ, ಪೆಟ್ಟಿಗೆ ಎಳೆದುಕೊಂಡು ನೇರವಾಗಿ ಇಲ್ಲಿಗೆ ಬಂದಿದ್ದಾರೆ. ಮಗಳಿಗೆ ಆಶ್ಚರ್ಯವಾಗಲಿ ಅಂತ. ನಾನು ಲೈಸೆನ್ಸು ನವೀಕರಣಕ್ಕೆ ಅಂತ ನಗರಸಭೆಯ ಕಚೇರಿಯಲ್ಲಿ ಕೂತಿದ್ದೆ, ಫೋನು ಸದ್ದು ತೆಗೆದು ಚೀಲದೊಳಗೆ ಇಟ್ಟಿದ್ದೆ. ಬಾಗಿಲಮ್ಮ ಟ್ಯಾಬಿನಲ್ಲಿ ಗುಬ್ಬಿಯ ಹೆಸರು ಒತ್ತಿದರು. ಅಮ್ಮ, ಅಜ್ಜಿ, ಎದುರುಮನೆಯ ಆಂಟಿ. ಅಲ್ಲಿಗೆ ಮುಗಿಯಿತು. ಮತ್ತೆ ಒತ್ತಿದರು. ಅದೇ ಮೂರು. “ನಿಮ್ಮ ಹೆಸರಿಲ್ಲ, ಸರ್” ಅಂದರು.

ಅವರು ಗುರುತಿನ ಚೀಟಿ ತೋರಿಸಿದರು, ಮೊಬೈಲಿನಲ್ಲಿದ್ದ ಮಗಳ ಫೋಟೋಗಳನ್ನು ತೋರಿಸಿದರು. ಬಾಗಿಲಮ್ಮ ನನಗೆ ಫೋನು ಮಾಡಿದರು, ನಾನು ಎತ್ತಲಿಲ್ಲ. ಗುಬ್ಬಿಯ ಅಮ್ಮನಿಗೆ ಮಾಡಿದರು, ಅವರು ಆಪರೇಷನ್ ಕೋಣೆಯಲ್ಲಿದ್ದರು. ಅಷ್ಟರಲ್ಲಿ ಗುಬ್ಬಿ ಗಾಜಿನ ಬಾಗಿಲಿನ ಹತ್ತಿರ ಬಂದು “ನಮ್ಮಪ್ಪ” ಅಂದಳು. ಮಗುವಿನ ಮಾತಿಗೆ ಬಾಗಿಲು ತೆಗೆಯಬಾರದು ಅನ್ನುವುದು ನನ್ನದೇ ನಿಯಮ. ಬಾಗಿಲಮ್ಮ ಅವಳನ್ನು ಹಿಂದಿನ ಕೋಣೆಗೆ ಕಳಿಸಿದರು. ಅವರ ಮೇಲೆ ನಾನು ಒಂದು ಮಾತೂ ಆಡುವ ಹಾಗಿಲ್ಲ.

ಆ ಮನುಷ್ಯ ಹೊರಗಿನ ಬೆಂಚಿನ ಮೇಲೆ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಸಂಜೆಯವರೆಗೂ ಕೂತಿದ್ದರು. ಅಜ್ಜಿ ಬಂದರು, ಅಳಿಯನನ್ನು ಕಂಡು ಖುಷಿಪಟ್ಟರು, ಗುಬ್ಬಿಯನ್ನು ಹೊರಗೆ ಕರೆತಂದರು. ಅದೇ ಹೊತ್ತಿಗೆ ನಾನೂ ಬಂದೆ. ಅವರು ಎರಡೂ ಕೈ ಚಾಚಿದರು. ಗುಬ್ಬಿ ಅಜ್ಜಿಯ ಸೆರಗಿನ ಹಿಂದೆ ಹೋಗಿ ನಿಂತಳು.

“ಅಪ್ಪನ ಹೆಸರು ಇಲ್ವಂತೆ” ಅಂದಳು. ಅತ್ತು ಹೇಳಲಿಲ್ಲ, ನಮಗೆಲ್ಲ ತಿಳಿದಿರಲಿ ಅನ್ನುವ ಹಾಗೆ ಹೇಳಿದಳು.

ನಾನು ತಪ್ಪಾಯಿತು ಅಂತ ಕೈಮುಗಿದೆ. ಅವರು, “ತಪ್ಪು ನಿಮ್ದಲ್ಲ ಮೇಡಂ. ನಾನು ಬರೋದೇ ಅಪರೂಪ” ಅಂದರು. ಇವತ್ತು ಬೆಳಿಗ್ಗೆ ಅವರು ಹಡಗಿಗೆ ಹಿಂತಿರುಗಿದರಂತೆ, ಈ ಸಲ ಸಿಕ್ಕಿದ್ದು ಒಂದೇ ರಾತ್ರಿ. ಮಗು ಅವರ ಹತ್ತಿರ ಹೋಗಲೇ ಇಲ್ಲ ಅಂತ ಅಜ್ಜಿ ಫೋನಿನಲ್ಲಿ ಹೇಳಿದರು.

ನೀನು ಹೇಳಿಕೊಟ್ಟಿದ್ದ ಸೆಟ್ಟಿಂಗ್ಸ್ ಪುಟ ತೆರೆದು ನೋಡಿದೆ. ಎಲ್ಲಕ್ಕಿಂತ ಕೆಳಗೆ ಒಂದು ಸಾಲು ಇತ್ತು. ‘ಬಾರದವರನ್ನು ತೆಗೆಯುವ ಅವಧಿ: 90 ದಿನ.’ ಅವರು ಹಿಂದೆ ಬಂದದ್ದು ಡಿಸೆಂಬರಿನಲ್ಲಿ, ಹೆಸರು ಮಾರ್ಚಿನಲ್ಲೇ ಉದುರಿದೆ. ಗುಬ್ಬಿಯ ಅಮ್ಮ ದಿನಾ ಅದೇ ಫಾರಂ ತುಂಬಿದರೂ ಗಮನಿಸಿಲ್ಲ. ಇರುವವರ ಹೆಸರು ಕಣ್ಣಿಗೆ ಬೀಳುತ್ತದೆ, ಇಲ್ಲದ ಹೆಸರು ಯಾರ ಕಣ್ಣಿಗೆ ಬೀಳಬೇಕು?

ಈಗ ಬೈಗುಳ. ತೊಂಬತ್ತು ದಿನ ಅಂತ ನಿನಗೆ ಹೇಳಿದವರು ಯಾರು? ನಾನು ಕೇಳಿದ್ದು ಪಟ್ಟಿ ತುಂಬುವುದನ್ನು. ಉದುರಿಸುವುದನ್ನು ಕೇಳಿರಲಿಲ್ಲ. ಅಪರೂಪಕ್ಕೆ ಬರುವವರು ಬೇರೆ, ಬರುವುದನ್ನು ಬಿಟ್ಟವರು ಬೇರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಇದಕ್ಕೇ.

ಅಕ್ಕ


ಏಪ್ರಿಲ್ 12

ಅಕ್ಕನಿಗೆ,

ಸರಿಪಡಿಸಿದ್ದೇನೆ. ಇನ್ನು ಯಾರ ಹೆಸರೂ ತಾನಾಗಿ ಹೋಗುವುದಿಲ್ಲ. ಪೋಷಕರು ಬರೆದು ಕೇಳಿದರೆ ನೀನೇ ತೆಗೆಯಬೇಕು. ಬಿಟ್ಟುಹೋಗಿದ್ದ ಎಲ್ಲ ಹೆಸರುಗಳೂ ವಾಪಸು ಬಂದಿವೆ. ಬಹಳ ದಿನದಿಂದ ಬಾರದವರು ಪಟ್ಟಿಯ ಕೊನೆಯಲ್ಲಿ ಇರುತ್ತಾರೆ.

ನಿನ್ನನ್ನು ಕೇಳದೆ ಸೇರಿಸಿದ್ದು ತಪ್ಪು. ಆ ಹಡಗಿನವರಿಗೆ ನನ್ನ ಪರವಾಗಿ ಕ್ಷಮೆ ತಿಳಿಸು. ತೊಂಬತ್ತು ದಿನ ಇಂಥ ಕಡೆಗಳಲ್ಲಿ ಸಾಮಾನ್ಯವಾಗಿ ಬಳಸುವ ಸಂಖ್ಯೆ.

ತಮ್ಮ


ಏಪ್ರಿಲ್ 14

ತಮ್ಮನಿಗೆ,

ಸಾಮಾನ್ಯವಾಗಿ ಬಳಸುವುದು ಎಲ್ಲಿ? ನಮ್ಮಲ್ಲಿ ಮಗುವನ್ನು ಬಿಡುವ ಒಬ್ಬರು ಕಂಪ್ಯೂಟರ್ ಕಲಿಸುವ ಮೇಷ್ಟ್ರು. ಅವರನ್ನು ಕೇಳಿದೆ. “ಪಾಸ್‌ವರ್ಡ್ ಬದಲಾಯಿಸೋಕೆ ಹಾಗೆ ಇಡ್ತಾರೆ, ಮನುಷ್ಯರಿಗೆ ಇಡೋದು ನಾನು ಕೇಳಿಲ್ಲ” ಅಂದರು.

ಪುಟ್ಟಿಯ ಅಮ್ಮ ಬರೆದದ್ದನ್ನು ನೀನು ಬೇಡ ಅಂದರೂ ಹೇಳುತ್ತೇನೆ. ಪುಟ್ಟಿಯ ಶಾಲೆಯಲ್ಲಿ ಮುಂದಿನ ಶಾಲಾ ವರ್ಷಕ್ಕೆ ಹೊಸ ಪಟ್ಟಿ ಕೊಡಬೇಕಂತೆ, ಮಗುವನ್ನು ಕರೆದೊಯ್ಯುವವರು ಯಾರು ಅಂತ. ಪ್ರತಿಯೊಬ್ಬರೂ ತಾವೇ ಬಂದು ಫೋಟೋ ಅಂಟಿಸಿ ಸಹಿ ಹಾಕಬೇಕು. ಕೊನೆಯ ದಿನ ಏಪ್ರಿಲ್ 25. ಅವಳ ಅಮ್ಮ ಕೇಳಿರುವುದು ಇಷ್ಟೇ: “ಅಕ್ಕ, ಅವರ ಹೆಸರು ಬರೀಲಾ, ಬಿಡಲಾ?” ಬಂದ ದಿನದಿಂದ ಆ ಪತ್ರ ನನ್ನ ಮೇಜಿನ ಮೇಲೇ ಇದೆ. ನಾನು ಉತ್ತರ ಬರೆದಿಲ್ಲ. ಅದು ನನ್ನ ಉತ್ತರ ಅಲ್ಲ.

ಅವಳು ಬರೆದ ಮಿಕ್ಕ ವಿಷಯ ನಿನಗೆ ಗೊತ್ತೇ ಇದೆ. ಗೊತ್ತಿದ್ದೂ ನವೆಂಬರಿನಿಂದ ಆ ಕಡೆ ತಲೆ ಹಾಕಿಲ್ಲ. ನಮ್ಮ ಅಪ್ಪ ಎಷ್ಟೇ ಕೋಪಿಷ್ಠ ಆದರೂ ಅಂಥ ಹೊತ್ತಿನಲ್ಲಿ ಮಕ್ಕಳನ್ನು ಬಿಟ್ಟವರಲ್ಲ. ನಿನಗೆ ಈ ಕಲ್ಲು ಮನಸ್ಸು ಎಲ್ಲಿಂದ ಬಂತೋ.

ಅಕ್ಕ


ಏಪ್ರಿಲ್ 19

ಅಕ್ಕ,

ಮಿಕ್ಕ ವಿಷಯ ಯಾವುದು ಅಂತ ನನಗೆ ಗೊತ್ತಿಲ್ಲ. ಗೊತ್ತಿರುವುದನ್ನು ಬರೆಯುತ್ತೇನೆ.

ನವೆಂಬರಿನ ಕೊನೆಯ ಶನಿವಾರ ಹೋಗಿದ್ದೆ. ಶಾಲೆಯ ಗೇಟಿನ ಬಳಿ ನಿಂತಿದ್ದೆ. ಮಕ್ಕಳು ಸಾಲಾಗಿ ಬಂದರು. ಪುಟ್ಟಿಯೂ ಬಂದಳು. ನನ್ನನ್ನು ನೋಡಿದಳು. ನೋಡಿ, ತಿರುಗಿ ಒಳಕ್ಕೆ ಓಡಿದಳು. ಸ್ವಲ್ಪ ಹೊತ್ತಿನ ಮೇಲೆ ಟೀಚರ್ ಬಂದು, ಅವಳಿಗೆ ಹೊಟ್ಟೆನೋವಂತೆ ಅಂದರು. ಏಳು ವರ್ಷದ ಮಗು ಬರಲು ಇಷ್ಟವಿಲ್ಲದಾಗ ಬೇರೆ ಏನು ಹೇಳುತ್ತದೆ? ನಾನೂ ಶಾಲೆಗೆ ಹೋಗಲು ಇಷ್ಟವಿಲ್ಲದಾಗ ಅದನ್ನೇ ಹೇಳುತ್ತಿದ್ದೆ, ನಿನಗೆ ನೆನಪಿರಬಹುದು. ಟೀಚರ್ ಮುಂದೆ ಇನ್ನೂ ನಿಂತರೆ ಅವಳಿಗೆ ಅವಮಾನವಾಗುತ್ತದೆ ಅನ್ನಿಸಿತು. ಹೊರಟುಬಿಟ್ಟೆ.

ಡಿಸೆಂಬರಿನಲ್ಲಿ ಆ ರಸ್ತೆಯ ತಿರುವಿನವರೆಗೆ ಹೋಗಿ ಬಂದೆ. ಜನವರಿಯಲ್ಲಿ ಮನೆಯಿಂದ ಹೊರಡಲಿಲ್ಲ. ಅವಳ ಅಮ್ಮ ಕಳಿಸುವ ಸಂದೇಶಗಳನ್ನು ನಾನು ತೆರೆಯುವುದಿಲ್ಲ. ಏನಿರುತ್ತದೆ ಅಂತ ಗೊತ್ತಿರುತ್ತದೆ ಅಂದುಕೊಂಡಿದ್ದೆ.

ತೊಂಬತ್ತು ಎಲ್ಲಿಂದ ಬಂತು ಅಂತ ಕೇಳಿದೆಯಲ್ಲ. ಆ ಶನಿವಾರದಿಂದ ನಾನು ಪ್ಲಗಿನ್ ಹಾಕಿದ ದಿನದವರೆಗೆ ಎಣಿಸಿ ನೋಡು. ಯೋಚಿಸಿ ಹಾಕಿದ್ದಲ್ಲ. ಅಲ್ಲೊಂದು ಸಂಖ್ಯೆ ಬೇಕಿತ್ತು, ಕೈ ಅದನ್ನೇ ಟೈಪ್ ಮಾಡಿತು. ಇಷ್ಟು ದಿನ ಬಾರದವನು ಇನ್ನು ಬರುವವನಲ್ಲ ಅಂತ ನನಗೆ ಅನ್ನಿಸಿದ್ದು ನಿಜ. ಅದು ಗುಬ್ಬಿಯ ಅಪ್ಪನಿಗೂ ತಗಲುತ್ತದೆ ಅಂತ ಹೊಳೆಯಲಿಲ್ಲ.

ಪುಟ್ಟಿಯ ಅಮ್ಮನಿಗೆ ಬರೆ, ಹೆಸರು ಬಿಡಲಿ. ಮಗುವಿಗೇ ಬೇಡದಿದ್ದ ಮೇಲೆ ಪಟ್ಟಿಯಲ್ಲಿ ಇದ್ದು ಏನು ಮಾಡಬೇಕು.

ತಮ್ಮ


ಏಪ್ರಿಲ್ 21

ತಮ್ಮಾ,

ಇದನ್ನು ಕೂತು ಓದು.

ಪುಟ್ಟಿಗೆ ಆವತ್ತು ಹೊಟ್ಟೆನೋವು ನಿಜವಾಗಿಯೂ ಬಂದಿತ್ತು. ಸಂಜೆಯ ಹೊತ್ತಿಗೆ ಜ್ವರ ಏರಿ, ವಾಂತಿ ನಿಲ್ಲದೆ, ಅವಳ ಅಮ್ಮ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದಾಳೆ. ನಾಲ್ಕು ದಿನ ಗ್ಲೂಕೋಸ್ ಬಾಟಲಿ. ನಿನಗೆ ಫೋನು ಮಾಡಿದ್ದಾಳೆ, ಸಂದೇಶದ ಮೇಲೆ ಸಂದೇಶ ಕಳಿಸಿದ್ದಾಳೆ. ನೀನು ತೆರೆಯದೆ ಇಟ್ಟವು ಅವೇ. ಮಗು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಬರಲಿಲ್ಲ, ಹುಷಾರಾದ ಮೇಲೂ ಬರಲಿಲ್ಲ ಅಂತ ಮಾರ್ಚಿನಲ್ಲಿ ನನಗೆ ಬರೆದಿದ್ದಳು. ನಾನು ನಿನಗೆ ಗೊತ್ತಿದೆ ಅಂದುಕೊಂಡೆ. ನೀನೂ, ನನಗೂ ಬರೆಯುತ್ತಾಳೆ ಅಂದೆ. ಒಂದು ತಿಂಗಳು ನಿನ್ನನ್ನು ಮನಸ್ಸಿನಲ್ಲೇ ಶಪಿಸಿದ್ದೇನೆ. ಸಿಟ್ಟು ಇಳಿದ ಮೇಲೆ ಹೇಳುತ್ತೇನೆ ಅನ್ನದೆ ಆವತ್ತೇ ಬೈದಿದ್ದರೆ ಆವತ್ತೇ ಗೊತ್ತಾಗುತ್ತಿತ್ತು. ನನಗೆ ತುಂಬಾ ದುಃಖವಾಗಿದೆ, ಅದನ್ನು ಬೇರೆ ಮಾತಿನಲ್ಲಿ ಬರೆಯಲು ಬರುವುದಿಲ್ಲ.

ಗುಬ್ಬಿಯ ಸಮಾಚಾರ ಕೇಳು. ನೀನು ಸರಿಪಡಿಸಿದ ಮರುದಿನ ಬಾಗಿಲಮ್ಮ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಹೆಸರನ್ನು ಅವಳ ಬೆರಳಿನಿಂದಲೇ ಒತ್ತಿಸಿದರು. ಅಮ್ಮ, ಅಜ್ಜಿ, ಎದುರುಮನೆಯ ಆಂಟಿ, ಎಲ್ಲರ ಕೆಳಗೆ ಅಪ್ಪ. ಓದಿ ಹೇಳಿದರು. ಈಗ ದಿನಾ ಸಂಜೆ ಹೊರಡುವ ಮುಂಚೆ ಅವಳಿಗೆ ಅದನ್ನು ತೋರಿಸಬೇಕು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು “ಇದ್ದಾರೆ” ಅಂತಾಳೆ, ಅಜ್ಜಿಯ ಕೈ ಹಿಡಿದು ಹೋಗುತ್ತಾಳೆ. ಯಾವಾಗ ಬರುತ್ತಾರೆ ಅಂತ ಒಂದು ದಿನವೂ ಕೇಳಿಲ್ಲ. ಮೊನ್ನೆ ಹಡಗಿನಿಂದ ಅವರು ವಿಡಿಯೋ ಕರೆ ಮಾಡಿದ್ದರಂತೆ. ಗುಬ್ಬಿ ಮೊದಲು ಹೇಳಿದ್ದೇ, “ಅಪ್ಪಾ, ನೀನು ಕೊನೇಲಿದ್ದೀಯ” ಅಂತ. ಅವರು ಅಷ್ಟು ಹೊತ್ತು ನಕ್ಕಿದ್ದನ್ನು ಅಜ್ಜಿ ಯಾವತ್ತೂ ನೋಡಿರಲಿಲ್ಲವಂತೆ.

ಪುಟ್ಟಿಯ ಅಮ್ಮನಿಗೆ ಉತ್ತರ ಬರೆದಿದ್ದೇನೆ. ಅವನನ್ನೇ ಕೇಳು, ಅವನಿಗೂ ಕೈ ಇದೆ ಅಂತ. ಕೊನೆಯ ದಿನ ಈ ಶನಿವಾರ. ನಿನ್ನ ಶನಿವಾರವೂ ಅದೇ. ರಸ್ತೆ ಅಗೆದಿದ್ದರೆ ಹಾರಿಕೊಂಡು ಹೋಗು.

ನಿನ್ನ ಅಕ್ಕ


ಏಪ್ರಿಲ್ 26

ಅಕ್ಕನಿಗೆ,

ನಿನ್ನೆ ಹೋಗಿದ್ದೆ. ರಸ್ತೆ ಮುಚ್ಚಿ ಡಾಂಬರು ಹಾಕಿ ಬಹಳ ದಿನವಾಗಿದೆ.

ಅಲ್ಲಿ ಎಲ್ಲವೂ ಕಾಗದ. ಗುಮಾಸ್ತರು ದಪ್ಪ ಫೈಲು ತೆಗೆದು ಪುಟ್ಟಿಯ ಹಾಳೆ ಹುಡುಕಿದರು. ಮೊದಲು ಅವಳ ಅಮ್ಮ, ಆಮೇಲೆ ಚಿಕ್ಕಮ್ಮ. ಮೂರನೆಯ ಸಾಲಿನಲ್ಲಿ ನನ್ನ ಹೆಸರು ಇತ್ತು. ಅವಳ ಅಮ್ಮ ಯಾರ ಉತ್ತರಕ್ಕೂ ಕಾಯದೆ ಬರೆದುಬಿಟ್ಟಿದ್ದಳು. ಫೋಟೋದ ಚೌಕ, ಸಹಿಯ ಜಾಗ, ಸಂಬಂಧದ ಕಾಲಂ ಖಾಲಿ ಇದ್ದವು. ಫೋಟೋ ತಂದಿರಲಿಲ್ಲ. ಎದುರಿನ ಅಂಗಡಿಯಲ್ಲಿ ತೆಗೆಸಿಕೊಂಡು ಬಂದೆ. ಸಂಬಂಧದಲ್ಲಿ ‘ತಂದೆ’ ಅಂತ ಬರೆಯಲು ಹೋದೆ. ಗುಮಾಸ್ತರು, “ಅಪ್ಪ ಅಂತ ಬರೀರಿ, ಮಗೂನೂ ಓದ್ಬೇಕಲ್ಲ” ಅಂದರು. ಹಾಗೇ ಬರೆದೆ.

ಶಾಲೆ ಬಿಟ್ಟಿತು. ಗೇಟಿನ ಬಳಿ ಅದೇ ಜಾಗದಲ್ಲಿ ನಿಂತಿದ್ದೆ. ಪುಟ್ಟಿ ಬಂದಳು. ಎತ್ತರವಾಗಿದ್ದಾಳೆ, ಮುಂದಿನ ಒಂದು ಹಲ್ಲು ಬಿದ್ದಿದೆ. ಏನು ಮಾತಾಡಬೇಕು ಅಂತ ನಾನು ಯೋಚಿಸುತ್ತಿರುವಾಗಲೇ ಅವಳು ಹೇಳಿದಳು.

“ಅವತ್ತು ನಾನು ಬಾತ್‌ರೂಮಿಗೆ ಹೋಗಿದ್ದೆ, ಅಷ್ಟೆ. ಬ್ಯಾಗ್ ತಗೊಂಡು ವಾಪಸ್ ಬಂದೆ. ನೀನು ಇರ್ಲಿಲ್ಲ.”

ನಾನು ಹೌದು ಅಂದೆ. ಅವಳು ಅದನ್ನು ಮತ್ತೆ ಎತ್ತಲಿಲ್ಲ. ದಾರಿಯುದ್ದಕ್ಕೂ ಹಲ್ಲು ಬಿದ್ದ ಕತೆ ಹೇಳಿದಳು.

ರಾತ್ರಿ ಕೂತು ಅವಳ ಅಮ್ಮನ ಹಳೆಯ ಸಂದೇಶಗಳನ್ನೆಲ್ಲ ತೆರೆದು ಓದಿದೆ. ಒಂದರಲ್ಲೂ ದೂರು ಇರಲಿಲ್ಲ. ಜ್ವರ ಎಷ್ಟಿದೆ, ಏನು ತಿಂದಳು, ಯಾವ ವಾರ್ಡು, ನಿನ್ನನ್ನು ಕೇಳುತ್ತಿದ್ದಾಳೆ. ಇಷ್ಟೇ.

ತಮ್ಮ


ಏಪ್ರಿಲ್ 29

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರವನ್ನು ಬಾಗಿಲಮ್ಮನಿಗೂ ಓದಿ ಹೇಳಿದೆ, ತಪ್ಪು ತಿಳಿಯಬೇಡ. ಗುಬ್ಬಿಯ ಅಪ್ಪ ಬೆಂಚಿನ ಮೇಲೆ ಕೂತಿದ್ದು ಇನ್ನೂ ಅವರ ಕಣ್ಣಿಗೆ ಕಟ್ಟಿದ ಹಾಗಿದೆಯಂತೆ. ಕೇಳಿ ಸ್ವಲ್ಪ ಹಗುರಾದರು.

ಮೇ ತಿಂಗಳಲ್ಲಿ ಪುಟ್ಟಿಗೆ ರಜೆ. ಅವಳ ಅಮ್ಮನನ್ನು ಕೇಳಿದ್ದೇನೆ, ಒಪ್ಪಿದ್ದಾಳೆ. ಒಂದು ವಾರ ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಾ. ಹಗಲು ಅವಳು ಇಲ್ಲಿ ನನ್ನ ಮಕ್ಕಳ ಜೊತೆ ಇರಲಿ, ದೊಡ್ಡ ಹುಡುಗಿ ಅಂತ ನಾಲ್ಕು ಜನರ ಮೇಲೆ ಯಜಮಾನಿಕೆ ಮಾಡಿಕೊಂಡು. ನೀನು ಊರಿನ ಗ್ರಂಥಾಲಯದಲ್ಲಿ ಕೂತು ನಿನ್ನ ಕೋಡ್ ಬರೆದುಕೋ. ಆದರೆ ಅಕ್ಕನ ಶಿಶುವಿಹಾರ ಅಂತ ರಿಯಾಯಿತಿ ಇಲ್ಲ. ಬೆಳಿಗ್ಗೆ ಎಲ್ಲರ ಹಾಗೆ ನೀನೂ ಫಾರಂ ತುಂಬಬೇಕು.

ನಿನ್ನ ಅಕ್ಕ


ಮೇ 11

ಶಿಶುವಿಹಾರದ ಫಾರಂನಿಂದ ಹೊಸ ಮಾಹಿತಿ ಬಂದಿದೆ.

ಮಗುವಿನ ಹೆಸರು: ಪುಟ್ಟಿ
ಎಷ್ಟು ಗಂಟೆಗೆ: ಸಂಜೆ 5
ಕರೆದೊಯ್ಯುವವರು ಯಾರು: ಅಪ್ಪ
ಬೇರೆ ಏನಾದರೂ ಹೇಳುವುದಿದ್ದರೆ: ನಾನು ಬಂದಾಗ ಅವಳು ಒಳಗೆ ಎಲ್ಲಿಗಾದರೂ ಹೋಗಬೇಕಾದರೆ ಹೋಗಲಿ. ಎಷ್ಟು ಹೊತ್ತಾದರೂ ಬಾಗಿಲಲ್ಲೇ ಇರುತ್ತೇನೆ ಅಂತ ತಿಳಿಸಿ.

ಇದು ತಾನಾಗಿ ಹೊರಡುವ ಪತ್ರ. ದಯವಿಟ್ಟು ಇದಕ್ಕೆ ಉತ್ತರಿಸಬೇಡಿ.


ಮೇ 11, ಸಂಜೆ

ತಮ್ಮಾ,

ಉತ್ತರಿಸಬೇಡಿ ಅಂತ ಬರೆದವನು ನೀನೇ. ನಿನ್ನ ಮಾತನ್ನು ನಾನು ಯಾವತ್ತು ಕೇಳಿದ್ದೇನೆ?

ನೀನು ಹೇಳಿದ್ದನ್ನು ಅವಳಿಗೆ ಓದಿ ಹೇಳಿದೆ. ಬ್ಯಾಗನ್ನು ಬಾಗಿಲಮ್ಮನ ಕೈಗೆ ಕೊಟ್ಟು, “ಅಪ್ಪ ಬಂದ್ರೆ ಹಿಡ್ಕೊಂಡಿರ್ಲಿ” ಅಂತ ಹೇಳಿ, ಈಗ ಬಾತ್‌ರೂಮಿಗೆ ಹೋಗಿದ್ದಾಳೆ. ಬೇಗ ಬಾ.

ಅಕ್ಕ